ಬದು ಯಾಕೆ ಈಚೆಗೆ ಬಂತು

ಹೋದ ವಾರ ಹೊಸ ಬದುವಿನ ಫೋಟೋ ಹಾಕಿದ್ದೆ. ಡೇರಿ ಹತ್ರ ಮೂರ್ನಾಲ್ಕು ಜನ ಕೇಳಿದ್ರು, "ಯಾಕಣ್ಣ, ಬದೂನ ನಿನ್ನ ಹೊಲದೊಳಕ್ಕೇ ಹಾಕಿದ್ದೀಯಲ್ಲ, ಸರ್ವೆಯವರು ಬಂದಿದ್ರಾ?" ಅಂತ. ಯಾರೂ ಬಂದಿರಲಿಲ್ಲ. ಹಾಲಿನ ಕ್ಯಾನು ಹಿಡ್ಕೊಂಡು ನಿಂತು ಹೇಳೋ ಮಾತಲ್ಲ ಅಂತ ಸುಮ್ನೆ ಬಂದ್ಬಿಟ್ಟೆ. ಇಲ್ಲಿ ಬರೀತೀನಿ.

ನಮ್ಮ ಮನೆಗೆ ಬಂದೋರು ನಡುಮನೆ ಗೋಡೆ ಗಡಿಯಾರ ನೋಡಿರ್ತೀರಿ. ಅದು ನಮ್ಮ ಚರ್ಚಿನಲ್ಲಿ ಹಬ್ಬದ ಸಮಯದಲ್ಲಿ ನಡೆದ ಬೈಬಲ್ ಕ್ವಿಜ್‌ನಲ್ಲಿ ಬಂದ ಮೊದಲನೇ ಬಹುಮಾನ. ಎಸ್ಸೆಸ್ಸೆಲ್ಸಿ ಪಾಸಾದವನು ಡಿಗ್ರಿ ಹುಡುಗರನ್ನ ಸೋಲಿಸಿದ ಅಂತ ನನಗೇನು ಕಮ್ಮಿ ಜಂಬ ಇರಲಿಲ್ಲ. ಕ್ಯಾಥೊಲಿಕ್ ಬೈಬಲಿನಲ್ಲಿ ಪುಸ್ತಕ ಎಷ್ಟು? 73. ಮೆತೂಷೆಲಹ ಎಷ್ಟು ವರ್ಷ ಬದುಕಿದ? 969. ಯೇಸುಸ್ವಾಮಿ ಮತ್ತೆ ಎದ್ದು ಬಂದ ಮೇಲೆ ಶಿಷ್ಯರ ಬಲೆಗೆ ಬಿದ್ದ ಮೀನು ಎಷ್ಟು? 153. ಜಕ್ಕಾಯ ಹತ್ತಿದ್ದು ಯಾವ ಮರ? ಅತ್ತಿ ಮರ. ಮೋಸದಿಂದ ತಗೊಂಡಿದ್ದನ್ನ ಎಷ್ಟು ಪಟ್ಟು ವಾಪಸ್ ಕೊಡ್ತೀನಿ ಅಂದ? ನಾಲ್ಕು ಪಟ್ಟು. ಕೊನೇ ಎರಡಕ್ಕೂ ಪ್ರಶ್ನೆ ಮುಗಿಯೋ ಮುಂಚೇನೇ ಕೈ ಎತ್ತಿದ್ದೆ.

ಗೊತ್ತಿಲ್ಲದವರಿಗೆ ಜಕ್ಕಾಯ ಯಾರು ಅಂತ ಹೇಳ್ತೀನಿ. ಜೆರಿಕೊ ಅನ್ನೋ ಊರಲ್ಲಿ ಸುಂಕ ವಸೂಲಿ ಮಾಡೋರಿಗೆ ಮುಖ್ಯಸ್ಥ. ರೋಮಿನವರ ಪರವಾಗಿ ಸುಂಕ ಎತ್ತೋದು, ಜಾಸ್ತಿ ಎತ್ತಿ ತಾನೂ ಇಟ್ಕೊಳ್ಳೋದು. ಆಳು ಕುಳ್ಳ. ಯೇಸುಸ್ವಾಮಿ ಬರ್ತಾರೆ ಅಂದಾಗ ಜನರ ಮಧ್ಯೆ ಕಾಣಲ್ಲ ಅಂತ ಮರ ಹತ್ತಿ ಕೂತ. ಆ ಮರ ನಮ್ಮ ಅತ್ತಿಯೇ ಅಲ್ಲ, ಅದರ ಕುಲದ್ದು. ಬುಡದ ಹತ್ರಾನೇ ಕೊಂಬೆ ಒಡೆಯುತ್ತೆ, ಕುಳ್ಳನಿಗೂ ಹತ್ತೋಕೆ ಸಲೀಸು. ಇದನ್ನೂ ಓದಿ ಇಟ್ಕೊಂಡಿದ್ದೆ ನಾನು, ಕೇಳಿದ್ರೆ ಇರಲಿ ಅಂತ. ಯೇಸುಸ್ವಾಮಿ ಮರದ ಕೆಳಗೆ ನಿಂತು, ಬೇಗ ಇಳಿದು ಬಾ, ಇವತ್ತು ನಿನ್ನ ಮನೇಲೇ ಇಳ್ಕೋಬೇಕು ಅಂದ್ರು. ಎಷ್ಟು ತಿಂದೆ ಅಂತ ಒಂದು ಲೆಕ್ಕಾನೂ ಕೇಳಲಿಲ್ಲ. ಪಾಪಿ ಮನೆಗೆ ಹೋದ್ರಲ್ಲ ಅಂತ ಊರೆಲ್ಲ ಗೊಣಗ್ತು. ಜಕ್ಕಾಯ ಎದ್ದು ನಿಂತು ತಾನಾಗೇ ಹೇಳಿದ: ಆಸ್ತೀಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದು ಏನಾದ್ರೂ ಇದ್ರೆ ಒಂದಕ್ಕೆ ನಾಲ್ಕು.

ಈ ಪಾಠ ನಮ್ಮಲ್ಲಿ ಮೂರು ವರ್ಷಕ್ಕೊಂದು ಸಲ ಭಾನುವಾರದ ಪೂಜೇಲಿ ಬರುತ್ತೆ, ರಾಗಿ ಕೊಯ್ಲು ಶುರುವಾಗೋ ಹೊತ್ತಿಗೆ. ಆ ಸಲ ಓದುವಾಗ ನಾನು ಮನಸ್ಸಲ್ಲೇ ಮುಂದಿನ ವಾಕ್ಯ ಹೇಳ್ಕೊಂಡು ಕೂತಿದ್ದೆ. ಮಾರನೇ ದಿನ ಮೇಲಿನ ಹೊಲದಲ್ಲಿ ಕೊಯ್ಲು. ಬಿಸಿಲೇರಿದಾಗ ಹೊಂಗೆ ಮರದ ನೆರಳಿಗೆ ಕೂತು ಮುದ್ದೆ ಉಂಡೆ. ನೀರು ಕುಡಿದು ತಲೆ ಎತ್ತಿದ್ರೆ ಬದು ಅಷ್ಟು ದೂರದಲ್ಲಿದೆ. ನಾನು ಕೂತಿರೋದು ನನ್ನ ರಾಗಿ ಮಧ್ಯೆ.

ಆ ಹೊಂಗೆ ನೆಟ್ಟಿದ್ದು ಪಕ್ಕದ ಹೊಲದ ಅಕ್ಕನ ಯಜಮಾನರು. ಬದು ನಟ್ಟನಡುವೆ ನೆಟ್ಟಿದ್ರು, ನಾನೇ ಗುಂಡಿ ತೋಡಿಕೊಟ್ಟಿದ್ದೆ. ಅವರು ತೀರಿಕೊಂಡು ಹದಿಮೂರು ವರ್ಷ. ಅದರ ಮುಂದಿನ ವರ್ಷದಿಂದ ನಾನು ಎತ್ತು ಬಿಟ್ಟು ಟ್ರಾಕ್ಟರಿಗೆ ಹೋದೆ. ರಸ್ತೆ ಕಡೆ ಬಾಂದು ಕಲ್ಲು ಎಲ್ಲರ ಕಣ್ಣಿಗೂ ಬೀಳುತ್ತೆ, ಅಲ್ಲಿ ಬದು ಒಂದಿಂಚೂ ಆಚೆಗೆ ಹೋಗಿಲ್ಲ. ಮೇಲಿನ ಕೊನೇಲಿ ಲಂಟಾನ ಬೆಳೆದು ಕಲ್ಲು ಮುಚ್ಚಿತ್ತು. ಅಲ್ಲಿ ಡ್ರೈವರಿಗೆ "ಇನ್ನೊಂದ್ಸ್ವಲ್ಪ ಅತ್ತ ಹಿಡಿ" ಅಂತ ಕೈ ತೋರಿಸಿದ್ದು ನಾನೇ. ವರ್ಷಕ್ಕೆ ಅರ್ಧ ಅಡಿ. ಅರ್ಧ ಅಡಿ ಯಾರಿಗೆ ಕಾಣುತ್ತೆ? ಹನ್ನೆರಡು ವರ್ಷಕ್ಕೆ ಆರಡಿ.

ನಮ್ಮ ಪೈಕಿ ಎಲ್ಲರಿಗೂ ಬದು ಕೆತ್ತೋದು ಗೊತ್ತು, ಮುಚ್ಚುಮರೆ ಯಾಕೆ. ಗಡಿ ಕಲ್ಲು ಸರಿಸಿದವನಿಗೆ ಶಾಪ ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ, ಧರ್ಮೋಪದೇಶಕಾಂಡ 27ನೇ ಅಧ್ಯಾಯ. ಅಧ್ಯಾಯದ ನಂಬರೂ ನನಗೆ ಬಾಯಿಗೆ ಬರ್ತಿತ್ತು! ಮರಳುಗಾಡಲ್ಲಿ ಯೇಸುಸ್ವಾಮೀನ ಪರೀಕ್ಷೆ ಮಾಡೋಕೆ ಬಂದ ಸೈತಾನನೂ ಕೀರ್ತನೆಯಿಂದಲೇ ವಾಕ್ಯ ಹೇಳ್ತಾನೆ, ತಪ್ಪಿಲ್ಲದೆ ಹೇಳ್ತಾನೆ. ಕ್ವಿಜ್ ಇಟ್ರೆ ಗಡಿಯಾರ ಅವನಿಗೇ. ಬೀರುವಿನಲ್ಲಿ ಮಣ್ಣು ಪರೀಕ್ಷೆ ಕಾರ್ಡ್ ಇಟ್ಕೊಂಡು ಅಂದಾಜಿಗೆ ಗೊಬ್ಬರ ಸುರೀತೀವಲ್ಲ, ನಾನು ಬೈಬಲ್ ಓದಿದ್ದೂ ಹಾಗೇ.

ಆ ರಾತ್ರಿ ಲೆಕ್ಕ ಹಾಕಿದೆ. ಬದು ಉದ್ದ 330 ಅಡಿ, ಒಂದು ಕೊನೇಲಿ ಸೊನ್ನೆ, ಇನ್ನೊಂದು ಕೊನೇಲಿ 6 ಅಡಿ. 990 ಚದರಡಿ ಆಯ್ತು. ಗುಂಟೆ ಅಂದ್ರೆ 1089, ಹತ್ತಿರತ್ತಿರ ಒಂದು ಗುಂಟೆ. ನಮ್ಮ ಮಳೆಯಾಶ್ರಿತ ರಾಗಿ ಎಕರೆಗೆ ಎಂಟು ಕ್ವಿಂಟಲ್ ಅಂತ ಹಿಡಿದ್ರೆ ಗುಂಟೆಗೆ 20 ಕೆಜಿ. ಜಾಗ ವರ್ಷವರ್ಷ ಸ್ವಲ್ಪಸ್ವಲ್ಪ ಸೇರಿದ್ದರಿಂದ ಸರಾಸರಿ 10 ಕೆಜಿ, ಹನ್ನೆರಡು ವರ್ಷಕ್ಕೆ 120. ನಾಲ್ಕು ಪಟ್ಟು ಅಂದ್ರೆ 480. ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಮನೇಲಿ ಇದ್ದಿದ್ದೇ ಹದಿನಾಲ್ಕು ಮೂಟೆ.

ಮತ್ತೆ ಐದು ತಿಂಗಳು ಸುಮ್ನಿದ್ದೆ. ಕೊಯ್ಲು, ಒಕ್ಕಣೆ, ಹಸು ಕರು ಹಾಕ್ತು, ನೆಪಕ್ಕೇನು ಬರ. ತಪಸ್ಸು ಕಾಲದಲ್ಲಿ ಪಾಪನಿವೇದನೆಗೆ ಹೋಗಿ ಬಂದೆ. ಮನೆಗೆ ಬರೋ ದಾರೀಲಿ ಆ ಹೊಂಗೆ ಕಾಣುತ್ತೆ. ಅವತ್ತು ಆಕಡೆ ನೋಡದೆ ಬರೋಕೆ ಆಗಲಿಲ್ಲ.

ಸಂಜೆ ಅಕ್ಕನ ಮನೆ ಜಗಲಿ ಮೇಲೆ ಕೂತೆ. ಮಾತು ಎಲ್ಲಿಂದ ಶುರು ಮಾಡೋದು ಗೊತ್ತಾಗ್ಲಿಲ್ಲ. "ಅಕ್ಕ, ಮೇಲಿನ ಬದು ನಿಮ್ಮ ಕಡೆಗೆ ಬಂದೈತೆ. ನಾನೇ ತಂದಿದ್ದು" ಅಂದೆ.

ಅವರು ಅವರೆಕಾಯಿ ಬಿಡಿಸ್ತಾ ಇದ್ರು. ಕೈ ನಿಲ್ಲಲಿಲ್ಲ. "ಗೊತ್ತು ಕಣಪ್ಪ. ಮರ ನಡ್ಕೊಂಡು ಹೋಗಲ್ವಲ್ಲ" ಅಂದ್ರು.

ಹನ್ನೆರಡು ವರ್ಷ ಗೊತ್ತಿತ್ತು ಅವರಿಗೆ. ಪ್ರತಿ ಹಬ್ಬಕ್ಕೂ ನಮ್ಮ ಮನೆಗೆ ಒಬ್ಬಟ್ಟು ಕಳಿಸಿದ್ದಾರೆ. "ಯಾಕಕ್ಕ ಕೇಳಲಿಲ್ಲ?" ಅಂದೆ. "ಯಾರನ್ನ ಕರ್ಕೊಂಡು ಬಂದು ಕೇಳಲಿ?" ಅಂದ್ರು. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಮಾರನೇ ದಿನ ಲಂಟಾನ ಕಡಿದು ಕಲ್ಲು ಹುಡುಕಿದೆ, ಮೊಣಕೈ ಆಳದಲ್ಲಿ ಸಿಕ್ತು. ಕಲ್ಲಿಂದ ಕಲ್ಲಿಗೆ ಹಗ್ಗ ಕಟ್ಟಿದೆ. ಹಗ್ಗ ಹೊಂಗೆಯ ಬುಡಕ್ಕೆ ಮುಟ್ಕೊಂಡೇ ಹೋಯ್ತು. ಮಗನಿಗೆ ಸಿಟ್ಟು. "ಅವರೇ ಕೇಳಿಲ್ಲ, ನಿನಗೇನು" ಅಂತ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಗುದ್ದಲಿ ತಗೊಂಡು ಬಂದ.

ರಾಗಿ ವಿಷಯ ಇದ್ದ ಹಾಗೆ ಹೇಳ್ತೀನಿ. ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು ಅಂತ ಮೋಶೆಯ ಲೆಕ್ಕ. 120ಕ್ಕೆ 24 ಸೇರಿ 144. ಐವತ್ತು ಕೆಜಿಯ ಮೂರು ಮೂಟೆ ಇಳಿಸಿ ಬಂದೆ. ಜಕ್ಕಾಯನ ಲೆಕ್ಕಕ್ಕೆ ಕೈ ಏಳಲಿಲ್ಲ. ಅವನು ಬಾಯಿಬಿಟ್ಟು ಹೇಳಿದಾಗ ಅವನ ಮುಖ ಹೇಗಿತ್ತೋ ಅಂತ ಈಗ ಯೋಚನೆ ಬರುತ್ತೆ, ಮುಂಚೆ ಯಾವತ್ತೂ ಬಂದಿರಲಿಲ್ಲ.

ಹಸಿ ಬದು, ಮಳೆ ಜೋರಾದ್ರೆ ಕೊಚ್ಚಿ ಹೋಗುತ್ತೆ. ಲಾವಂಚ ನೆಡೋಣವೋ ಕತ್ತಾಳೆ ನೆಡೋಣವೋ ಅಂತ ಅಕ್ಕನ್ನ ಕೇಳಿದೆ. "ಕತ್ತಾಳೆ ನೆಡು, ಟ್ರಾಕ್ಟರಿನವನು ಹತ್ರ ಬರಲ್ಲ" ಅಂದ್ರು. ಯಾರ ಹತ್ರಾನಾದ್ರೂ ಕತ್ತಾಳೆ ಮರಿ ಇದ್ರೆ ಹೇಳಿ, ಒಂದು ನೂರು ಬೇಕಾಗಬಹುದು.