ಮಲ್ಲಯ್ಯನ ದಾರಿಯಲ್ಲಿ ಅಡುಗೆಯ ಒಲೆ

ಕಲ್ಯಾಣದುರ್ಗದಿಂದ ಪಾವಗಡದ ಕಡೆಗೆ ಸಾಗುವ ಹಾದಿಯಲ್ಲಿ ಕಂಬದೂರು ಇದೆ. ಅನಂತಪುರ ಜಿಲ್ಲೆಯ ಉಳಿದ ಊರುಗಳಂತೆ ಇದೂ ಮಳೆಯ ಮುಖವನ್ನು ಕಾದು ಕುಳಿತ ಊರು. ಸುತ್ತಲೂ ಕೆಂಪು ಮಣ್ಣಿನ ಕಡಲೆಕಾಯಿ ಹೊಲಗಳು, ನಡುನಡುವೆ ಬೋಳುಗುಡ್ಡಗಳು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇದೇ ಸೀಮೆಯದು. ಕಂಬದೂರಿನ ಮಲ್ಲಿಕಾರ್ಜುನನ ಶಿಲಾದೇಗುಲವೂ ಬಹು ಪ್ರಾಚೀನವಾದುದು. ಜಿಲ್ಲೆ ಆಂಧ್ರದ್ದಾದರೂ ಗಡಿ ಕೂಗಳತೆಯಲ್ಲಿದೆ. ಸಂತೆಯ ಮಾತು ತೆಲುಗಿನಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ.

ಊರಲ್ಲೇ ಮಲ್ಲಿಕಾರ್ಜುನನಿದ್ದರೂ ಈ ಸೀಮೆಯ ಮನೆಗಳಿಗೆ ದೂರದ ಮಲ್ಲಯ್ಯನ ಕರೆ ಇದ್ದೇ ಇದೆ. ಶ್ರೀಶೈಲದ ಮಲ್ಲಿಕಾರ್ಜುನ ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಬ್ಬನು. ಯುಗಾದಿಯ ಸಮಯದಲ್ಲಿ ಆ ಬೆಟ್ಟದ ಮೇಲೆ ಕಿವಿಗೆ ಬೀಳುವುದು ಹೆಚ್ಚಾಗಿ ಕನ್ನಡವೇ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಕಡೆಯ ಭಕ್ತರು ಕಂಬಿಯನ್ನು ಹೆಗಲಿಗೇರಿಸಿ ಕಾಲ್ನಡಿಗೆಯಲ್ಲಿ ಬರುತ್ತಾರೆ. ಆತ್ಮಕೂರು ದಾಟಿ ವೆಂಕಟಾಪುರಂ, ನಾಗಲೂಟಿ, ಪೆದ್ದಚೆರುವುಗಳ ಮೂಲಕ ನಲ್ಲಮಲೆಯ ಕಾಡನ್ನು ಹಾದು ಕೈಲಾಸದ್ವಾರವನ್ನು ಏರುವುದು ಅವರ ಹಳೆಯ ದಾರಿ. ಕಂಬದೂರಿನಿಂದ ವಾಹನದಲ್ಲಿ ಹೊರಡುವವರಿಗೆ ಅನಂತಪುರ, ಗುತ್ತಿ, ಡೋಣ್, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು, ದೋರ್ನಾಲ ಎಂಬ ಕ್ರಮದಲ್ಲಿ ಊರುಗಳು ಸಿಗುತ್ತವೆ. ಆತ್ಮಕೂರು ಬಿಟ್ಟ ಮೇಲೆ ಕಾಡು ಮತ್ತು ಘಟ್ಟ.

ಇಂಥ ಯಾತ್ರೆಗೆ ಹತ್ತು ಹನ್ನೆರಡು ಜನರ ಕುಟುಂಬ ಸಿದ್ಧವಾಗುವಾಗ ಮೊದಲು ಏಳುವ ಪ್ರಶ್ನೆ ಊಟದ್ದು. ಹೋಟೆಲಿನ ಖಾರ ಮಕ್ಕಳಿಗೆ ಆಗದು, ಮಡಿಯವರಿಗೆ ಹೊರಗಿನ ಅನ್ನ ಸೇರದು, ನಾಲ್ಕು ದಿನ ಕೊಂಡು ಉಂಡರೆ ಖರ್ಚೂ ಕಡಿಮೆಯಲ್ಲ. ಹೀಗಾಗಿ ಹೊರಡುವ ಹಿಂದಿನ ರಾತ್ರಿ ಅಕ್ಕಿ, ಬೇಳೆ, ರಾಗಿಹಿಟ್ಟು, ಪಾತ್ರೆಗಳ ಜತೆಗೆ ಅಡುಗೆಮನೆಯ ಕೆಂಪು ಸಿಲಿಂಡರೂ ಬಾಡಿಗೆಯ ಟೆಂಪೊ ಏರುವುದು ಎಷ್ಟೋ ಊರುಗಳಲ್ಲಿ ವಾಡಿಕೆಯಾಗಿದೆ. ಹಿಂದಿನ ಸೀಟಿನ ಅಡಿ ಅದನ್ನು ಅಡ್ಡ ಮಲಗಿಸಿ, ಮೇಲೊಂದು ಜಮಖಾನ ಹೊದಿಸಿ, ಅದರ ಮೇಲೆ ಮಕ್ಕಳನ್ನು ಕೂರಿಸುತ್ತಾರೆ. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೂ ಇದು ಸಾವನ್ನು ಪಕ್ಕದಲ್ಲಿಟ್ಟುಕೊಂಡು ಮಾಡುವ ಪ್ರಯಾಣ.

2023ರ ಆಗಸ್ಟ್ 26ರಂದು ಮಧುರೆ ರೈಲು ನಿಲ್ದಾಣದಲ್ಲಿ ನಡೆದುದನ್ನು ನೆನೆದರೆ ಈ ಮಾತು ಅತಿಶಯವೆನಿಸದು. ಉತ್ತರ ಪ್ರದೇಶದ ಲಖನೌದಿಂದ ಹೊರಟಿದ್ದ ಯಾತ್ರಿಕರ ಬೋಗಿಯೊಂದನ್ನು ರೈಲಿನಿಂದ ಬಿಡಿಸಿ ಬದಿಯ ಹಳಿಯ ಮೇಲೆ ನಿಲ್ಲಿಸಲಾಗಿತ್ತು. ಅವರೂ ದಾರಿಯ ಅಡುಗೆಗಾಗಿ ಅನಿಲ ಸಿಲಿಂಡರನ್ನು ಗುಟ್ಟಾಗಿ ಬೋಗಿಯೊಳಗೆ ತಂದಿದ್ದರು. ಬೆಳಗಿನ ಜಾವ ಒಲೆ ಹೊತ್ತಿಸಿದಾಗ ಬೆಂಕಿ ಬೋಗಿಯನ್ನೇ ಆವರಿಸಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ರೈಲಿನಲ್ಲಿ ಅಪಾಯಕಾರಿ ವಸ್ತುವನ್ನು ಕಾನೂನುಬಾಹಿರವಾಗಿ ಒಯ್ಯುವುದು 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನಂತೆ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಆಗುವ ನಷ್ಟವನ್ನು ತುಂಬಿಕೊಡುವ ಹೊಣೆಯೂ ಒಯ್ದವರದೇ.

ರಸ್ತೆಯಲ್ಲಿ ಇಷ್ಟು ಬಿಗಿ ಇಲ್ಲವೆಂಬ ನಂಬಿಕೆ ತಪ್ಪು. ಬಾಡಿಗೆಗೆ ಪ್ರಯಾಣಿಕರನ್ನು ಸಾಗಿಸುವ ವಾಹನದಲ್ಲಿ, ಅದು ಬಸ್ಸಾಗಲಿ ಟೆಂಪೊ ಆಗಲಿ, ಅದರ ಓಡಾಟಕ್ಕೆ ಬೇಕಾದ ಇಂಧನದ ಹೊರತು ಬೇಗ ಹೊತ್ತಿಕೊಳ್ಳುವ ಯಾವ ವಸ್ತುವನ್ನೂ ಒಯ್ಯಬಾರದೆಂಬುದು ಮೋಟಾರು ವಾಹನ ನಿಯಮಗಳ ಕಟ್ಟಳೆ. ದ್ವಿಚಕ್ರ ವಾಹನದ ಮೇಲೆ ತುಂಬಿದ ಸಿಲಿಂಡರನ್ನು ಸಾಗಿಸುವುದನ್ನು 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ನಿಷೇಧಿಸುತ್ತವೆ. ಅಡುಗೆ ಅನಿಲದ ಸಿಲಿಂಡರು ಸದಾ ನೆಟ್ಟಗೆ ನಿಂತಿರಬೇಕೆಂದೂ ಹೇಳುತ್ತವೆ. ಮಲಗಿಸಿದಾಗ ದ್ರವರೂಪದ ಅನಿಲವೇ ಕವಾಟದ ಬಾಯಿಗೆ ಬರುತ್ತದೆ. ಸೋರಿದ ದ್ರವ ಆವಿಯಾಗಿ ತನ್ನ ಗಾತ್ರದ ನೂರಾರು ಪಾಲು ಹಿಗ್ಗಿ ಹರಡುತ್ತದೆ.

ಇನ್ನು ಮನೆಯ ಸಂಪರ್ಕದ ಸಿಲಿಂಡರಿಗೆ ಬೇರೊಂದು ಕಟ್ಟು ಇದೆ. 1955ರ ಅಗತ್ಯ ವಸ್ತುಗಳ ಕಾಯಿದೆಯ ಅಡಿಯಲ್ಲಿ 2000ದಲ್ಲಿ ಹೊರಟ ಅಡುಗೆ ಅನಿಲ ಸರಬರಾಜು ಮತ್ತು ವಿತರಣಾ ಆಜ್ಞೆಯಂತೆ ಮನೆಬಳಕೆಯ ಅನಿಲವನ್ನು ಮನೆಯ ಅಡುಗೆಗಷ್ಟೇ ಬಳಸಬೇಕು; ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಅನಧಿಕೃತವಾಗಿ ತುಂಬಿಕೊಳ್ಳಬಾರದು. ಆಜ್ಞೆಯನ್ನು ಮೀರಿದರೆ ಮೂರು ತಿಂಗಳಿಂದ ಏಳು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ತೈಲ ಕಂಪನಿಗಳ ವಿಮೆಯಲ್ಲಿ ಆಸ್ತಿನಷ್ಟಕ್ಕೆ ದೊರೆಯುವ ಪರಿಹಾರವೂ ನೋಂದಾಯಿತ ವಿಳಾಸಕ್ಕೆ ಸೀಮಿತ. ಕಂಬದೂರಿನ ವಿಳಾಸಕ್ಕೆ ಬಂದ ಸಿಲಿಂಡರು ಕರ್ನೂಲಿನ ರಸ್ತೆಬದಿಯಲ್ಲಿ ಹೊತ್ತಿದರೆ ಆ ಕುಟುಂಬದ ಕೈಯಲ್ಲಿ ಹಿಡಿಯಲು ಗಟ್ಟಿಯಾದ ಕಾಗದವೊಂದೂ ಇರದು. ಮನೆಯಲ್ಲಿ ಉಳಿದ ಅಜ್ಜ ಅಜ್ಜಿಯ ಒಲೆ ಆ ನಾಲ್ಕು ದಿನ ಆರಿರುತ್ತದೆಂಬುದೂ ಎಷ್ಟೋ ಸಲ ಯಾರ ಗಮನಕ್ಕೂ ಬಂದಿರುವುದಿಲ್ಲ.

ಹಾಗಾದರೆ ದಾರಿಯಲ್ಲಿ ಬಿಸಿ ಅಡುಗೆಯ ಆಸೆಯನ್ನೇ ಬಿಡಬೇಕೆ? ಬೇಕಿಲ್ಲ. ಪಾದಯಾತ್ರೆಯ ತಂಡಗಳು ಅನುಸರಿಸುವ ಕ್ರಮವೇ ಇದಕ್ಕೆ ಮಾರ್ಗ. ನಡೆಯುವವರು ನಡೆಯುತ್ತಾರೆ, ಪಾತ್ರೆ, ದಿನಸಿ, ಒಲೆಗಳನ್ನು ಹೊತ್ತ ಸಣ್ಣ ಸರಕು ವಾಹನ ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿರುತ್ತದೆ. ಎರಡು ಮೂರು ಕುಟುಂಬಗಳು ಕೂಡಿ ಹೊರಟರೆ ಇಂಥ ವಾಹನದ ಬಾಡಿಗೆ ಭಾರವಾಗದು. ಜನರಿರುವ ವಾಹನ ಬೇರೆ, ಒಲೆಯಿರುವ ವಾಹನ ಬೇರೆ ಎಂಬ ವಿಂಗಡಣೆಯಿಂದಲೇ ಅಪಾಯದ ಬಹುಪಾಲು ಕಳೆಯುತ್ತದೆ. ಸಿಲಿಂಡರನ್ನು ತೆರೆದ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿಯಬೇಕು. ರೆಗ್ಯುಲೇಟರನ್ನು ತೆಗೆದು ಮುಚ್ಚಳ ಹಾಕಿರಬೇಕು. ಆ ಭಾಗದಲ್ಲಿ ಯಾರೂ ಕೂರಬಾರದು.

ಸಿಲಿಂಡರು ಯಾವುದಿರಬೇಕು ಎಂಬುದಕ್ಕೂ ಉತ್ತರವಿದೆ. ಸಂಪರ್ಕವಿಲ್ಲದವರೂ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ 5 ಕಿಲೋ ಸಿಲಿಂಡರುಗಳನ್ನು ಪೆಟ್ರೋಲ್ ಬಂಕುಗಳಲ್ಲಿ ಮಾರುವ ವ್ಯವಸ್ಥೆ 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು. ಅಂದಿನ ಪೆಟ್ರೋಲಿಯಂ ಸಚಿವರು ಕನ್ನಡದ ಲೇಖಕರೂ ಆದ ಎಂ. ವೀರಪ್ಪ ಮೊಯ್ಲಿಯವರು. ವಿಳಾಸದ ಪುರಾವೆ ಇಲ್ಲದ ವಿದ್ಯಾರ್ಥಿಗಳು, ವಲಸೆ ಕಾರ್ಮಿಕರು ಇದರಿಂದ ಹೆಚ್ಚು ಉಪಕೃತರಾದರು. ಇಂಡಿಯನ್ ಆಯಿಲ್ ಸಂಸ್ಥೆ 2020ರಲ್ಲಿ ತನ್ನ ಈ ಸಿಲಿಂಡರಿಗೆ ‘ಛೋಟು’ ಎಂದು ಹೆಸರಿಟ್ಟಿತು. ಸಬ್ಸಿಡಿಯಿಲ್ಲದ ಇದರ ಬೆಲೆ ಹೆಚ್ಚು. ಆದರೆ ಇದು ಯಾವ ವಿಳಾಸಕ್ಕೂ ಕಟ್ಟುಬಿದ್ದಿಲ್ಲ. ಹೊರಡುವ ಮುನ್ನ ರೆಗ್ಯುಲೇಟರು ಇದರ ಬಾಯಿಗೆ ಹೊಂದುತ್ತದೆಯೇ ಎಂದು ಮಾರುವವರಿಂದಲೇ ಕೂಡಿಸಿ ತೋರಿಸಿಕೊಳ್ಳುವುದು ಲೇಸು.

ಹನ್ನೆರಡು ಜನರಿಗೆ ನಾಲ್ಕು ದಿನಕ್ಕೆ 5 ಕಿಲೋ ಸಾಲುವುದೇ ಎಂಬುದು ಮುಂದಿನ ಪ್ರಶ್ನೆ. ಶಾಲೆಯ ಮಕ್ಕಳೇ ಈ ಲೆಕ್ಕ ಮಾಡಬಲ್ಲರು. ಮನೆಯ ಒಲೆಯ ಒಂದು ದೊಡ್ಡ ಬರ್ನರು ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 200 ಗ್ರಾಂ ಅನಿಲವನ್ನು ಸುಡುತ್ತದೆ. ಬೆಳಗ್ಗೆ ಒಂದು ಗಂಟೆ, ರಾತ್ರಿ ಒಂದೂವರೆ ಗಂಟೆ ಉರಿದರೆ ದಿನಕ್ಕೆ 500 ಗ್ರಾಂ, ನಾಲ್ಕು ದಿನಕ್ಕೆ 2 ಕಿಲೋ. ಬಯಲಿನ ಗಾಳಿಗೆ ಉರಿ ಚದುರುವುದರಿಂದ ಇನ್ನೊಂದು ಕಿಲೋ ಸೇರಿಸಬೇಕು. ಅಷ್ಟಾದರೂ 2 ಕಿಲೋ ಉಳಿಯುತ್ತದೆ. ಆದರೆ ಸ್ನಾನದ ನೀರನ್ನೂ ಇದೇ ಒಲೆಯ ಮೇಲಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. 10 ಲೀಟರ್ ನೀರು ಕುದಿಯಲು ಸುಮಾರು 125 ಗ್ರಾಂ ಅನಿಲ ಬೇಕು. ತಣ್ಣೀರಿಗೆ ಬೆರೆಸಿಕೊಳ್ಳಲು ಒಬ್ಬೊಬ್ಬರಿಗೆ 5 ಲೀಟರ್ ಕುದಿನೀರೆಂದರೂ ಹನ್ನೆರಡು ಜನರಿಗೆ ದಿನಕ್ಕೆ 750 ಗ್ರಾಂ ಆಯಿತು. ಎರಡು ಹೊತ್ತಿನ ಅಡುಗೆಗಿಂತ ಒಂದು ಹೊತ್ತಿನ ಸ್ನಾನವೇ ಹೆಚ್ಚು ಅನಿಲ ನುಂಗುತ್ತದೆ. ಯುಗಾದಿಯ ಬಿಸಿಲಿನ ನಾಡಿನಲ್ಲಿ ತಣ್ಣೀರಿನ ಸ್ನಾನ ಯಾರಿಗೂ ಶಿಕ್ಷೆಯಲ್ಲ.

ಸಿಲಿಂಡರಿನ ಮೈಮೇಲಿನ ಬರಹವನ್ನು ಓದುವುದನ್ನೂ ಮಕ್ಕಳಿಗೆ ಕಲಿಸಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ತಕ್ಕಡಿಯಲ್ಲಿ ತೂಗಿ, ಬಂದ ತೂಕದಿಂದ ಅದನ್ನು ಕಳೆದರೆ ಉಳಿದಿರುವ ಅನಿಲ ಎಷ್ಟೆಂಬುದು ತಿಳಿಯುತ್ತದೆ. ಅಲುಗಾಡಿಸಿ ಊಹಿಸುವ ಅಗತ್ಯವಿಲ್ಲ. ಹಿಡಿಕೆಯ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿಗಳಿರುತ್ತವೆ. ಎ, ಬಿ, ಸಿ, ಡಿ ಎಂಬವು ವರ್ಷದ ನಾಲ್ಕು ಕಾಲುಭಾಗಗಳು. ‘ಸಿ 28’ ಎಂದಿದ್ದರೆ 2028ರ ಸೆಪ್ಟೆಂಬರಿನೊಳಗೆ ಅದನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕೆಂದು ಅರ್ಥ. ಅವಧಿ ಮೀರಿದುದನ್ನು ಪಡೆಯದೆ ಹಿಂತಿರುಗಿಸಬೇಕು.

ಯುರೋಪಿನಲ್ಲಿ ಮನೆಯನ್ನೇ ವಾಹನದಲ್ಲಿ ಕಟ್ಟಿಕೊಂಡು ದೇಶದಿಂದ ದೇಶಕ್ಕೆ ತಿರುಗುವ ಕುಟುಂಬಗಳಿಗೂ ಇದೇ ಚಿಂತೆ ಬೇರೆ ರೂಪದಲ್ಲಿದೆ. ಅಲ್ಲಿ ಒಂದೊಂದು ದೇಶದ ಸಿಲಿಂಡರಿಗೆ ಒಂದೊಂದು ಬಗೆಯ ಬಾಯಿ. ಫ್ರಾನ್ಸಿನಲ್ಲಿ ಪಡೆದ ಖಾಲಿ ಸಿಲಿಂಡರನ್ನು ಜರ್ಮನಿಯಲ್ಲಿ ಕೊಟ್ಟು ತುಂಬಿದ್ದನ್ನು ಪಡೆಯುವುದು ಸಾಮಾನ್ಯವಾಗಿ ಆಗದ ಮಾತು. ಬಂಕಿನಲ್ಲಿ ತುಂಬಿಸಿಕೊಳ್ಳುವ ಬಗೆಯ ತೊಟ್ಟಿ ಇಟ್ಟುಕೊಂಡವರೂ ದೇಶಕ್ಕೆ ತಕ್ಕಂತೆ ನಾಲ್ಕು ತರದ ಜೋಡಣೆಯ ಬಿಡಿಭಾಗಗಳನ್ನು ಚೀಲದಲ್ಲಿ ಒಯ್ಯುತ್ತಾರೆ. ಚಳಿಯ ತೊಂದರೆ ಬೇರೆ: ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುವುದರಿಂದ, −42 ಡಿಗ್ರಿಯವರೆಗೂ ಆವಿಯಾಗುವ ಪ್ರೊಪೇನನ್ನೇ ಚಳಿಗಾಲದಲ್ಲಿ ಅವಲಂಬಿಸಬೇಕು. ಕಂಬದೂರಿನವರಿಗೆ ಈ ತೊಡಕುಗಳಿಲ್ಲ. ಆದರೆ ಆ ವಾಹನಗಳಿಂದ ಕಲಿಯಬೇಕಾದ ಪಾಠವೊಂದಿದೆ. ಸಿಲಿಂಡರಿಗೆ ಅಲ್ಲಿ ಜನರ ಕೋಣೆಯಿಂದ ಪೂರ್ಣವಾಗಿ ಬೇರ್ಪಟ್ಟ, ಹೊರಗಿನಿಂದ ತೆರೆಯುವ ಗೂಡು ಇರುತ್ತದೆ. ಗೂಡಿನ ತಳದಲ್ಲಿ ಗಾಳಿಯ ಕಿಂಡಿ ಇರುತ್ತದೆ. ಕಿಂಡಿ ಮೇಲಿರದೆ ತಳದಲ್ಲಿರುವುದೇಕೆಂದರೆ, ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ಕೆಳಗಿಳಿದು ನೆಲದಲ್ಲಿ ಹರಡುತ್ತದೆ. ಬಾಡಿಗೆ ಟೆಂಪೊದಲ್ಲಿ ಅಂಥ ಗೂಡೂ ಇಲ್ಲ, ಕಿಂಡಿಯೂ ಇಲ್ಲ. ಕಿಟಕಿ ತೆರೆದಿದ್ದರೂ ಸೋರಿದ ಅನಿಲ ಸೀಟುಗಳ ಅಡಿಯಲ್ಲೇ ನಿಂತಿರುತ್ತದೆ.

ಈ ಒಂದು ಗುಣವನ್ನು ತಿಳಿದರೆ ಒಲೆ ಹೂಡುವ ಜಾಗದ ಆಯ್ಕೆ ತಾನೇ ಸ್ಪಷ್ಟವಾಗುತ್ತದೆ. ತಗ್ಗು, ಚರಂಡಿ, ನೆಲಮಾಳಿಗೆಗಳ ಹತ್ತಿರ ಬೇಡ. ವಾಹನದ ನೆರಳಿನಲ್ಲಿ ಬೇಡ. ಗಾಳಿಗೆ ಮರೆಯೆಂದು ನಾಲ್ಕೂ ಕಡೆ ತಡಿಕೆ ಕಟ್ಟುವುದೂ ಬೇಡ. ಕೊಳವೆಯ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಕಡ್ಡಿ ಗೀರಿ ಎಂದೂ ನೋಡಬಾರದು. ವಾಸನೆ ಬಂದರೆ ಕವಾಟ ಮುಚ್ಚಿ ಎಲ್ಲರೂ ದೂರ ಸರಿದು 1906 ಸಂಖ್ಯೆಗೆ ಕರೆ ಮಾಡಬೇಕು. ಅನಿಲ ಸೋರಿಕೆಗೆಂದೇ ಮೀಸಲಾದ ಈ ಸಂಖ್ಯೆ ದೇಶಕ್ಕೆಲ್ಲ ಒಂದೇ.

ಆತ್ಮಕೂರಿನಿಂದ ಮುಂದಿನ ಕಾಡುದಾರಿಯಲ್ಲಿ ಮಾತ್ರ ಯಾವ ಒಲೆಗೂ ಎಡೆಯಿಲ್ಲ. ಅದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಬೇಸಿಗೆಯ ಆರಂಭದಲ್ಲಿ ಉದುರಿದ ಎಲೆಗಳಿಂದ ತುಂಬಿದ ಆ ಕಾಡಿಗೆ ಒಂದು ಕಿಡಿ ಸಾಕು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಘಟ್ಟದ ನಡುವೆ ವಾಹನ ನಿಲ್ಲಿಸಿ ಚಹಾ ಕಾಯಿಸುವ ಆಸೆ ಎಷ್ಟೇ ಇದ್ದರೂ ಅದನ್ನು ದೋರ್ನಾಲದಲ್ಲೇ ತೀರಿಸಿಕೊಂಡು ಹೊರಡುವುದು ಯುಕ್ತ. ಬೆಟ್ಟದ ಮೇಲೆ ಛತ್ರಗಳಿವೆ, ದೇವಸ್ಥಾನದ ಅನ್ನಪ್ರಸಾದವಿದೆ.

ಘಟ್ಟದ ಆ ಒಂದು ಹೊತ್ತಿಗೆ ಹಿರಿಯರು ಕಂಡುಕೊಂಡಿದ್ದ ಉಪಾಯದ ಹೆಸರು ಬುತ್ತಿ. ಉತ್ತರದ ಕಂಬಿಯವರು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ತರುತ್ತಾರೆ. ನಮ್ಮ ಸೀಮೆಯ ಮನೆಗಳಲ್ಲಿ ಹುಳಿಯನ್ನ, ಹುರಿಹಿಟ್ಟು, ಹುರಿದ ಕಡಲೆಕಾಯಿ, ಬೆಲ್ಲ ಸಿದ್ಧವಾಗುತ್ತವೆ. ಕಾಡಿನೊಳಗೆ ಉಣ್ಣಲು ಬೆಂಕಿಯೇ ಬೇಡವೆಂಬ ಈ ಏರ್ಪಾಟು ಬಡತನದಿಂದಷ್ಟೇ ಹುಟ್ಟಿದ್ದಲ್ಲ. ದಾರಿಯನ್ನು ಬಲ್ಲವರ ವಿವೇಕವೂ ಅದರಲ್ಲಿದೆ. ಮೊದಲ ಹೊತ್ತಿಗೂ ಘಟ್ಟದ ಹೊತ್ತಿಗೂ ಬುತ್ತಿ, ತಂಗುವ ಊರಿನಲ್ಲಿ ಬಿಸಿ ಮುದ್ದೆ ಸಾರು ಎಂದು ಹೊರಡುವ ಮುನ್ನವೇ ಹಂಚಿಕೊಂಡರೆ ಅನಿಲದ ಲೆಕ್ಕ ಇನ್ನಷ್ಟು ಹಗುರವಾಗುತ್ತದೆ. ಕೆಂಪು ಸಿಲಿಂಡರು ಕಂಬದೂರಿನ ಅಡುಗೆಮನೆಯಲ್ಲೇ ಉಳಿದು ಅಜ್ಜ ಅಜ್ಜಿಯ ಒಲೆಯನ್ನು ಉರಿಸುತ್ತಿರುತ್ತದೆ. ಟೆಂಪೊದ ಸೀಟಿನ ಅಡಿಯಲ್ಲಿ ಮಕ್ಕಳ ಚಪ್ಪಲಿಗಳ ಹೊರತು ಬೇರೇನೂ ಇರುವುದಿಲ್ಲ.