ತಜ್ಞರ ಅಭಿಪ್ರಾಯ

ಸಲಹಾ ಸಮಿತಿ ಎಂದೊಡನೆ ನಮ್ಮಂಥ ಗುಮಾಸ್ತರಿಗೆ ಮೊದಲು ನೆನಪಾಗುವುದು ಪ್ರಯಾಣ ಭತ್ಯೆಯ ಬಿಲ್ಲು. ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಂಥ ಬಿಲ್ಲುಗಳನ್ನು ನೋಡುತ್ತ ಬಂದಿದ್ದೇನೆ. ತಜ್ಞರು ಬೆಳಗಿನ ವಿಮಾನದಲ್ಲಿ ಬರುತ್ತಾರೆ. ಮೇಜಿನ ಮೇಲೆ ಕಾರ್ಯಸೂಚಿ, ಹಿಂದಿನ ಸಭೆಯ ನಡಾವಳಿ, ಒಂದು ಪೆನ್ನು, ನೀರಿನ ಬಾಟಲಿ, ಹುರಿದ ಗೋಡಂಬಿ. ಸಂಜೆಯ ವಿಮಾನಕ್ಕೆ ಹೊರಟುಬಿಡುತ್ತಾರೆ. ಹಾಗೆಂದು ತಜ್ಞರೆಂದರೆ ನನಗೆ ತಿರಸ್ಕಾರವೇನಿಲ್ಲ. ಅತಿ ಭಕ್ತಿಯೂ ಇಲ್ಲ. ನಡಾವಳಿಯ ಕರಡು ಕಳಿಸಿದಾಗ ಓದದೆಯೇ ಸಹಿ ಹಾಕುವವರು ಬಹಳ. ಆದರೆ ಒಬ್ಬಿಬ್ಬರು ಮಾತ್ರ, ತಾವು ಹೇಳಿದ್ದು ಹೀಗಲ್ಲ, ಹೀಗೆ ಎಂದು ಪ್ರತಿಯೊಂದು ಸಾಲನ್ನೂ ತಿದ್ದಿ ಕಳಿಸುತ್ತಾರೆ. ಆ ತಿದ್ದಿದ ಕಾಗದವನ್ನು ಕಡತಕ್ಕೆ ಸೇರಿಸುವಾಗ ನನಗೆ ಸಂತೋಷವಾಗುತ್ತದೆ.

ಈ ವಿಷಯ ಈಗೇಕೆ ಬಂತೆಂದರೆ, ನನ್ನ ಮಗಳು ಪುಣೆಯ ಒಂದು ಕಾಲೇಜಿನಲ್ಲಿ ವಾಣಿಜ್ಯ ಓದುತ್ತಿದ್ದಾಳೆ. ಅವಳಿಗೆ ಪರಿಸರ ಎಂಬುದೊಂದು ಕಡ್ಡಾಯ ವಿಷಯವಿದೆ. ನಾನು ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸುವಾಗ ಈ ವಿಷಯವಿರಲಿಲ್ಲ. ಸಸ್ಯಶಾಸ್ತ್ರ ಓದಿದವನು ನಾನು. ಎಲೆಯ ಅಡ್ಡಕೊಯ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿತ್ರ ಬರೆಯುತ್ತಿದ್ದೆವು, ಆ ಎಲೆ ಯಾವ ಹಳ್ಳದ ದಂಡೆಯಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ವಾಣಿಜ್ಯದ ಹುಡುಗಿಗೂ ಈ ಪಾಠ ಬೇಕೆಂದು ಗೊತ್ತುಮಾಡಿದವರು ಯಾರು ಎಂದು ಹುಡುಕುತ್ತ ಹೋದರೆ ದಾರಿ ನಮ್ಮ ಪುಣೆಗೇ, ಕಾತ್ರಜದ ಬುಡಕ್ಕೇ ಬಂದು ನಿಂತಿತು.

ಮೊದಲ ಮಾತು ಸುಪ್ರೀಂ ಕೋರ್ಟಿನದು. ವಕೀಲರಾದ ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ 1991ರ ನವೆಂಬರಿನಲ್ಲಿ ತೀರ್ಪು ಬಂತು: ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು, ಸಿನಿಮಾ ಮಂದಿರಗಳಲ್ಲಿ ಪರಿಸರದ ಸ್ಲೈಡುಗಳನ್ನು ಪುಕ್ಕಟೆಯಾಗಿ ತೋರಿಸಬೇಕು. ಸ್ಲೈಡುಗಳು ಬೇಗ ಬಂದವು. ಪಾಠ ಬರಲು ಹನ್ನೆರಡು ವರ್ಷ ಹಿಡಿಯಿತು. 2003ರಲ್ಲಿ ಕೋರ್ಟು ಮತ್ತೆ ಗದರಿಸಬೇಕಾಯಿತು. ಅಷ್ಟರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಒಂದು ತಜ್ಞರ ಸಮಿತಿಯನ್ನು ಕೂಡಿಸಿ, ಎಲ್ಲ ಪದವಿಗಳಿಗೂ ಹೊಂದುವಂಥ ಆರು ತಿಂಗಳ ಪಠ್ಯಕ್ರಮವನ್ನು ಸಿದ್ಧಗೊಳಿಸಿತ್ತು. ಸಮಿತಿಯಲ್ಲಿ ಹೈದರಾಬಾದಿನ ಉಸ್ಮಾನಿಯಾದವರು, ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದವರು, ಗುವಾಹಾಟಿಯವರು ಇದ್ದರು. ಅವರ ನಡುವೆ ನಮ್ಮೂರಿನವರು ಡಾ. ಎರಚ್ ಭರೂಚಾ, ಭಾರತಿ ವಿದ್ಯಾಪೀಠದ ಪರಿಸರ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ನಿರ್ದೇಶಕರು. ಪಠ್ಯಕ್ರಮಕ್ಕೆ ತಕ್ಕ ಪುಸ್ತಕವನ್ನೂ ಆಯೋಗಕ್ಕಾಗಿ ಅವರೇ ಬರೆದರು. ದೇಶದ ಮೂಲೆಮೂಲೆಯ ಮಕ್ಕಳು ಅದನ್ನು ಓದಿದ್ದಾರೆ.

ಭರೂಚಾ ಅವರು ವೃತ್ತಿಯಿಂದ ಶಸ್ತ್ರವೈದ್ಯರು. ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸಿದವರು. ಬಿಡುವಿನಲ್ಲಿ ಕ್ಯಾಮೆರಾ ಹಿಡಿದು ಕಾಡು ಅಲೆದ ಆ ವೈದ್ಯರ ಮುಂದಾಳುತನದಲ್ಲಿ 1993ರಲ್ಲಿ ಧನಕವಡಿಯ ಗುಡ್ಡದ ಕೆಳಗೆ ಈ ಸಂಸ್ಥೆ ಆರಂಭವಾಯಿತು. ಶಾಲಾ ಶಿಕ್ಷಕರಿಗೆ ತರಬೇತಿ, ಮುಳಶಿ ಕಡೆಯ ಹಳ್ಳಿಗಳಲ್ಲಿ ಕೆಲಸ, ಸ್ನಾತಕೋತ್ತರ ತರಗತಿ ಹೀಗೆ ಅದು ಬೆಳೆಯಿತು. ನೇಮಕಾತಿ ನಿಯಮಗಳನ್ನು ಹಿಡಿದು ನೋಡುವ ನಮ್ಮ ಕಚೇರಿಯಲ್ಲಾದರೆ 'ಅಭ್ಯರ್ಥಿಯ ಪದವಿ ಸಂಬಂಧಪಟ್ಟ ವಿಷಯದ್ದಲ್ಲ' ಎಂದು ಷರಾ ಬರೆದು ಕಡತವನ್ನು ಹಿಂದಿರುಗಿಸಿಬಿಡುತ್ತಿದ್ದರು!

ಆ ಪಠ್ಯಕ್ರಮದಲ್ಲಿ ನನಗೆ ಹಿಡಿಸಿದ್ದು ಕಟ್ಟಕಡೆಯ ಎಂಟನೆಯ ಘಟಕ. ಐವತ್ತು ಪಾಠಗಳಲ್ಲಿ ಐದು ಪಾಠದಷ್ಟು ಹೊತ್ತನ್ನು ಹೊರಗೆ ಕಳೆಯಬೇಕು: ಊರಿನ ಹೊಳೆಯೋ ಗುಡ್ಡವೋ ಹುಲ್ಲುಗಾವಲೋ ನೋಡಿ ಬರೆಯಬೇಕು, ಹೊಲಸಾದ ಒಂದು ಜಾಗಕ್ಕೆ ಹೋಗಬೇಕು, ಸುತ್ತಲಿನ ಗಿಡ, ಹುಳ, ಹಕ್ಕಿ ಗುರುತಿಸಬೇಕು. ಕಾಲ ಐವತ್ತರಲ್ಲಿ ಐದಾದರೂ ಅಂಕ ನೂರಕ್ಕೆ ಇಪ್ಪತ್ತೈದು! ಇದನ್ನು ಬರೆದವರಿಗೆ ಮಕ್ಕಳೂ ಗೊತ್ತು, ಮಾಸ್ತರರೂ ಗೊತ್ತು ಎಂದುಕೊಂಡೆ. 2023ರಲ್ಲಿ ಆಯೋಗವು ಚೌಕಟ್ಟನ್ನು ಬದಲಿಸಿ ನಾಲ್ಕು ಕ್ರೆಡಿಟ್ ಎಂದು ಗೊತ್ತುಮಾಡಿತು. ಹೊರಗೆ ಹೋಗಿ ನೋಡುವ ಕೆಲಸವನ್ನು ಕೈಬಿಡಲಿಲ್ಲ.

ಆದರೆ ಸಲಹೆ ಸಮಿತಿಯಿಂದ ಮಗುವಿನ ಕೈಗೆ ಬರುವಷ್ಟರಲ್ಲಿ ಏನಾಗುತ್ತದೆ? ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ 'ಮುಳಾ-ಮುಠಾ ಮಾಲಿನ್ಯ' ಎಂಬ ಯೋಜನಾ ವರದಿ ಸಿದ್ಧವಾಗಿ ಸಿಗುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಬಣ್ಣದ ಮುಖಪುಟಕ್ಕೆ ಹೆಚ್ಚಿನ ದುಡ್ಡು. ಅಣ್ಣ ತಂದದ್ದನ್ನೇ ಮೂರು ವರ್ಷದ ಮೇಲೆ ತಂಗಿ ಕೊಡುತ್ತಾಳೆ, ನದಿಯೂ ಹಾಗೇ ಇರುವುದರಿಂದ ವರದಿ ತಪ್ಪಾಗುವುದಿಲ್ಲ!

ನಮ್ಮ ಮನೆಯಲ್ಲಿ ಅದು ಬೇಡವೆಂದಾಯಿತು. 'ಅಪ್ಪಾ, ನದಿ ಎಲ್ಲರೂ ಮಾಡ್ತಾರೆ. ನಮ್ಮ ಓಢಾನೇ ಮಾಡೋಣ' ಎಂದಳು ಮಗಳು. ಆಂಬಿಲ್ ಓಢಾ ನಾವು ದಿನವೂ ದಾಟುವ ಹಳ್ಳ. ಕಾತ್ರಜದ ಗುಡ್ಡಗಳಲ್ಲಿ ಹುಟ್ಟಿ, ಕೆರೆ ತುಂಬಿಸಿ, ಧನಕವಡಿ, ಪದ್ಮಾವತಿ, ಸಹಕಾರನಗರಗಳನ್ನು ಹಾದು ಮುಠಾ ನದಿಗೆ ಸೇರುತ್ತದೆ. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜದಲ್ಲಿ ಕೆರೆ ಕಟ್ಟಿಸಿ ಕಾಲುವೆಯಿಂದ ಪೇಟೆಗೆ ನೀರು ತಂದ. ಇದೇ ಹಳ್ಳದ ದಾರಿಯನ್ನು ತಿರುಗಿಸಿ ಪಾರ್ವತಿ ಬೆಟ್ಟದ ಬುಡದಲ್ಲಿ ಇನ್ನೊಂದು ಕೆರೆ ಮಾಡಿಸಿದ. ನಾವು ಸಂಜೆ ಮಕ್ಕಳನ್ನು ಆಡಿಸುವ ಸಾರಸಬಾಗ್ ಆ ಕೆರೆಯ ಜಾಗವೇ.

2019ರ ಸೆಪ್ಟೆಂಬರ್ 25ರ ರಾತ್ರಿಯನ್ನು ಆ ಭಾಗದಲ್ಲಿರುವ ನಮ್ಮ ಜನ ಮರೆತಿಲ್ಲ. ಎರಡು ಮೂರು ತಾಸಿನ ಮಳೆಗೆ ಓಢಾ ಉಕ್ಕಿ ಸೊಸೈಟಿಗಳ ಗೋಡೆ ಒಡೆಯಿತು. ಅರಣ್ಯೇಶ್ವರದ ಬಳಿ ಮನೆಗಳೇ ಹೋದವು. ನಗರ, ಜಿಲ್ಲೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಕಟ್ಟಡದ ಕೆಳಗೆ ನಿಲ್ಲಿಸಿದ್ದ ಸ್ಕೂಟರುಗಳು ಬೆಳಗಿಗೆ ಒಂದರ ಮೇಲೊಂದು ಬಿದ್ದಿದ್ದವು. ಮಗಳಿಗೆ ಆಗ ಹದಿಮೂರು. ಅವಳು ಹಳ್ಳವನ್ನೇ ಏಕೆ ಆರಿಸಿಕೊಂಡಳೆಂದು ನಾನು ಕೇಳಲಿಲ್ಲ.

ಮೂರು ಭಾನುವಾರ ನಡೆದೆವು. ಒಂದು ಹಗ್ಗಕ್ಕೆ ಗಜಕ್ಕೊಂದು ಗಂಟು ಹಾಕಿ, ಸಾಧ್ಯವಾದಲ್ಲೆಲ್ಲ ಅಗಲ ಅಳೆದೆವು. ಹಳ್ಳವೆಂದರೆ ಮುಂದೆ ಹೋದಷ್ಟೂ ಅಗಲವಾಗಬೇಕು, ಅಕ್ಕಪಕ್ಕದ ನೀರೂ ಬಂದು ಸೇರುತ್ತದಲ್ಲ. ಇಲ್ಲಿ ಹಾಗಿಲ್ಲ, ಊರೊಳಗೆ ಬರುತ್ತ ಬರುತ್ತ ಕೆಲವೆಡೆ ಕಿರಿದಾಗುತ್ತದೆ. ಎರಡೂ ಕಡೆ ಕಾಂಕ್ರೀಟ್ ಗೋಡೆ. ಒಂದೆಡೆ ಯಾರೋ ಗೋಡೆಯ ಮೇಲೆ ಕುಂಡಗಳಲ್ಲಿ ಸೇವಂತಿಗೆ ಬೆಳೆಸಿದ್ದರು. ಚೆನ್ನಾಗಿಯೇ ಬೆಳೆದಿತ್ತು.

ಎರಡನೆಯ ಭಾನುವಾರ ಒಬ್ಬ ಅಜ್ಜ ಸಿಕ್ಕ. ಒಂದು ಸೊಸೈಟಿಯ ರಾತ್ರಿ ಪಾಳಿಯ ಕಾವಲುಗಾರ. ಇಂಡಿ ತಾಲೂಕಿನವನು, 1972ರ ಬರದಲ್ಲಿ ತಾಯಿ ತಂದೆಯ ಹಿಂದೆ ಹುಡುಗನಾಗಿ ಬಂದವನು. ನಾವು ಹಗ್ಗ ಹಿಡಿದು ಕನ್ನಡ ಮಾತಾಡುತ್ತಿದ್ದುದನ್ನು ಕೇಳಿ ತಾನಾಗಿಯೇ ಹತ್ತಿರ ಬಂದ. 'ಏನ್ ಅಳೀತೀರಿ ಸಾಹೇಬ್ರ? ಇದು ಇಷ್ಟ ಅಗಲ ಇದ್ದಿಲ್ಲ' ಎಂದು, ದಂಡೆಯಿಂದ ಅರವತ್ತು ಹೆಜ್ಜೆ ಆಚೆಗಿನ ಒಂದು ಹಳೆಯ ಬೇವಿನ ಮರ ತೋರಿಸಿದ. 'ಆ ಬೇವಿನ ತನಕ ಇತ್ತು ನೋಡ್ರಿ. ಅಲ್ಲೇ ನಮ್ಮ ತಗಡಿನ ಗುಡಿಸಲಾ. ನಮ್ಮವ್ವ ಅದಕ್ಕಿಂತ ಕೆಳಗ ಒಲಿ ಹೂಡಾಕ ಬಿಡ್ತಿದ್ದಿಲ್ಲ.' ಏಕೆಂದು ಮಗಳು ಕೇಳಿದಳು. 'ತಂಗೀ, ಇದು ಹೊಳಿ ಅಲ್ಲ, ಹಳ್ಳ. ಹಳ್ಳಕ್ಕ ದಿನಾ ನೀರು ಬರೂದಿಲ್ಲ. ಬರೂ ದಿನಾ ಹೇಳಿ ಬರೂದಿಲ್ಲ' ಎಂದ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದೆ. ಬೇವಿನ ಮರವನ್ನೇ ತೋರಿಸಿದ.

ಮಗಳು ಇದನ್ನೆಲ್ಲ ಬರೆದು, ಹೆಜ್ಜೆಯ ಲೆಕ್ಕ ಹಾಕಿ, ನಕ್ಷೆ ತೆಗೆದು ಕೊಟ್ಟಳು. ಅಧ್ಯಾಪಕರು ಹಿಂದಿರುಗಿಸಿದರು. ಕಾವಲುಗಾರನ ಮಾತಿದ್ದ ಪುಟದ ಪಕ್ಕದಲ್ಲಿ ಷರಾ: 'ತಜ್ಞರ ಅಭಿಪ್ರಾಯ ಸೇರಿಸಿ.' ಅವರನ್ನು ನಾನು ದೂರುವುದಿಲ್ಲ; ಇನ್ನೂರು ವರದಿ ನೋಡಬೇಕಾದವರು, ತಾಸಿನ ಲೆಕ್ಕದ ಸಂಬಳದವರು. ಆದರೆ ಆ ಷರಾ ನನ್ನನ್ನು ಕೆಣಕಿತು. ತಜ್ಞ ಎಂದರೆ ಬಲ್ಲವನು. ಆ ದಂಡೆಯಲ್ಲಿ ಐವತ್ತು ವರ್ಷ ಕಳೆದವನು ಬಲ್ಲವನಲ್ಲದಿದ್ದರೆ ಬಲ್ಲವರು ಯಾರು?

ನಮ್ಮೂರು ಹಳಿಯಾಳದ ಕಡೆ. ಅಲ್ಲಿಯ ಬಿದಿರಿನ ಕಥೆ ಇದಕ್ಕೆ ಹೊಂದುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ಸರಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲು ಒಪ್ಪಿತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ತೆರಬೇಕಾಗಿತ್ತು. ಕಾಡಿನಲ್ಲಿ ಬಿದಿರು ಕಡಿಮೆಯಾಗುತ್ತ ಬಂದು ಮೇದಾರರು ಕೂಗೆಬ್ಬಿಸಿದರು. 1975ರ ಸುಮಾರಿಗೆ ಇದನ್ನು ಪರೀಕ್ಷಿಸುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಬಂತು. ಅವರು ಪುಣೆಯಲ್ಲಿ 1942ರಲ್ಲಿ ಹುಟ್ಟಿ, ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಹಾರ್ವರ್ಡಿಗೆ ಹೋಗಿ ಬಂದು, ವರ್ತಕರೆಂಬ ಸಸ್ಯವಿಜ್ಞಾನಿಯೊಡನೆ ಈ ಸೀಮೆಯ ದೇವರಾಯಿಗಳನ್ನು ಸುತ್ತಿದವರು. (ದೇವರಾಯಿ ಎಂದರೆ ನಮ್ಮ ದೇವರ ಬನವೇ, ಕೊಡಗಿನವರ ದೇವರಕಾಡು.) 1973ರಲ್ಲಿ ಬೆಂಗಳೂರಿಗೆ ಹೋದರು. ಅಲ್ಲಿಯ ಪರಿಸರ ವಿಜ್ಞಾನ ಕೇಂದ್ರ 1980ರ ದಶಕದ ಆರಂಭದಲ್ಲಿ ಅವರ ಕೈಯಿಂದಲೇ ಮೊದಲಾಯಿತು. ನಾವು ಇಲ್ಲಿಗೆ ಬಂದಂತೆ ಅವರು ಅಲ್ಲಿಗೆ ಹೋದವರು.

ಅರಣ್ಯ ಇಲಾಖೆ ಬಿದಿರ ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳನ್ನು ಕಡಿಸಿ ಚೊಕ್ಕಟ ಮಾಡಿಸುತ್ತಿತ್ತು. ಇಕ್ಕಟ್ಟು ತಪ್ಪಿದರೆ ಬಿದಿರು ಚೆನ್ನಾಗಿ ಬರುತ್ತದೆ ಎಂಬುದು ಅವರ ಶಾಸ್ತ್ರ. ಹಳ್ಳಿಯವರು ಅದು ತಪ್ಪು ಎಂದರು. ಗಾಡ್ಗೀಳರೂ ಅವರ ಸಂಗಡಿಗರೂ ಮೆಳೆಗಳನ್ನು ಗುರುತು ಹಾಕಿ ಎಣಿಸಿ ನೋಡಿದರು. ಹಳ್ಳಿಯವರ ಮಾತು ನಿಜವಾಯಿತು: ಮುಳ್ಳು ಹೋದೊಡನೆ ದನ, ಕಾಡುಪ್ರಾಣಿ ನುಗ್ಗಿ ಎಳೆಯ ಕಳಲೆಯನ್ನು ತಿಂದುಹಾಕುತ್ತಿದ್ದವು. ಮುಳ್ಳು ಮೆಳೆಯ ಬೇಲಿಯಾಗಿತ್ತು. ನಮ್ಮ ಮನೆಯಲ್ಲಿ ಕಳಲೆ ತರಲು ಹೋದ ಹೆಂಗಸರ ಕೈಯೆಲ್ಲ ಗೀರಾಗಿರುತ್ತಿದ್ದುದು ನೆನಪಿದೆ. ಅವರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ಅವರು ಹೇಳಿದ್ದು ಕಡತಕ್ಕೆ ಏರುತ್ತಿರಲಿಲ್ಲ. ಏರಿಸಬಲ್ಲವನೊಬ್ಬ ಬೇಕಾಗಿತ್ತು, ಕೇಳಿ, ಎಣಿಸಿ, ಬರೆದು. ವಿಶ್ವವಿದ್ಯಾಲಯದ ಪರಿಸರ ಕೇಂದ್ರಕ್ಕೆ ಸಲಹೆಗಾರರನ್ನು ಆರಿಸುವವರು ಈ ಒಂದು ಗುಣವನ್ನು ನೋಡಿದರೆ ಸಾಕೆಂದು ನನ್ನ ಮತ.

ಹೀಗೆ ಬರೆದದ್ದೂ ಎಲ್ಲ ಸಲ ಹೊರಗೆ ಬರುವುದಿಲ್ಲವೆನ್ನಿ. ಅದೇ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟಗಳ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಘಟ್ಟದಲ್ಲಿ ಏನು ಬೇಕು, ಏನು ಬೇಡ ಎಂಬುದು ಗ್ರಾಮಸಭೆಗಳಿಂದ ಮೊದಲಾಗಲಿ ಎಂಬುದು ಅದರ ಹುರುಳು. ದಿಲ್ಲಿಯಲ್ಲಿ ಅದು ಬೀರುವಿನಲ್ಲಿ ಕೂತಿತು. ಮಾಹಿತಿ ಹಕ್ಕಿನ ಅರ್ಜಿ, ಆಯೋಗದ ಆದೇಶ, ಹೈಕೋರ್ಟು ಎಲ್ಲ ಆಗಿ 2012ರ ಮೇ ತಿಂಗಳಲ್ಲಿ ಬೆಳಕು ಕಂಡಿತು. ಬೀರುವಿನ ಬೀಗದ ಕೈ ಹಿಡಿಯುವ ವರ್ಗಕ್ಕೆ ಸೇರಿದ ನಾನು ಇದರ ಬಗ್ಗೆ ಹೆಚ್ಚು ಹೇಳಬಾರದು.

ಮಗಳ ವರದಿಗೆ ಬರೋಣ. ಕಾವಲುಗಾರನ ಪುಟ ತೆಗೆದು ಯಾವುದಾದರೂ ಪುಸ್ತಕದಿಂದ ನಾಲ್ಕು ಸಾಲು ಹಾಕಿದರೆ ಮುಗಿಯುತ್ತಿತ್ತು. ನಮ್ಮ ಮನೆಯವರ ಸಲಹೆಯೂ ಅದೇ ಆಗಿತ್ತು, ಪರೀಕ್ಷೆ ಹತ್ತಿರವಿತ್ತು. ಮಗಳು ಒಪ್ಪಲಿಲ್ಲ. ಪುಟವನ್ನು ಅಲ್ಲೇ ಬಿಟ್ಟು, ಬೇವಿನ ಮರದಿಂದ ದಂಡೆಗೆ ಮತ್ತೆ ಹಗ್ಗ ಹಿಡಿದು ಅಳೆದು, ಮರದ ಫೋಟೋ ತೆಗೆದು, ಅದೇ ಸಾಲಿನ ಮೂರು ಮನೆಯವರನ್ನು ಕೇಳಿ 2019ರ ನೀರಿನ ಗುರುತುಗಳನ್ನು ನಕ್ಷೆಯಲ್ಲಿ ಸೇರಿಸಿದಳು. ನಾಲ್ಕು ಗುರುತುಗಳನ್ನು ಗೆರೆಯಿಂದ ಕೂಡಿಸಿದರೆ ಬಂದದ್ದು ಅಜ್ಜ ಹೇಳಿದ ದಂಡೆಯೇ. ಅದರ ಕೆಳಗೆ 'ಅಭಿಪ್ರಾಯ' ಎಂದು ಬರೆದು ಅಜ್ಜನ ಊರು, ಪುಣೆಗೆ ಬಂದ ವರ್ಷ ನಮೂದಿಸಿದಳು. ಈ ಸಲ ಅಧ್ಯಾಪಕರು ಏನೂ ಬರೆಯದೆ ಅಂಕ ಕೊಟ್ಟರು. ಎಷ್ಟೆಂದು ಹೇಳಬೇಡವೆಂದು ಮಗಳ ಕಟ್ಟಪ್ಪಣೆ.

ಈ ವರ್ಷ ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇದೇ ವಿಷಯ ಓದುತ್ತಿರಬೇಕು. ಹವಾಮಾನ ಇಲಾಖೆಯಿಂದ, ಸಸ್ಯ ಸರ್ವೇಕ್ಷಣೆಯಿಂದ, ನೀರಾವರಿಯಿಂದ ನಿವೃತ್ತರಾದ ಹಿರಿಯರೂ ನಮ್ಮಲ್ಲಿದ್ದಾರೆ. ದೀಪಾವಳಿಯ ನಂತರದ ಮೊದಲ ಭಾನುವಾರ ಬೆಳಿಗ್ಗೆ ಕಾತ್ರಜ ಕೆರೆಯ ಏರಿಯಿಂದ ಸಾರಸಬಾಗದವರೆಗೆ ಓಢಾದ ಗುಂಟ ನಡೆಯಬೇಕೆಂದಿದ್ದೇವೆ. ಬರಬಯಸುವವರು ಮುಂಚಿತವಾಗಿ ನನಗೆ ತಿಳಿಸಿರಿ. ಚಪ್ಪಲಿ ಬೇಡ, ಬೂಟು ಇರಲಿ; ವಾಸನೆ ತಡೆಯದವರು ಕರವಸ್ತ್ರ ತನ್ನಿರಿ. ಅಜ್ಜನೂ ಬರುತ್ತೇನೆಂದಿದ್ದಾನೆ. ಅವನ ಪಾಳಿ ಮುಗಿಯುವುದು ಎಂಟಕ್ಕೆ; ಅಷ್ಟರೊಳಗೆ ನಾವು ಬೇವಿನ ಮರದ ಹತ್ತಿರ ತಲುಪಬೇಕು.