ಬಾಧೆಯಿಲ್ಲದ ಪ್ರಯಾಣ

ಪ್ರವಾಸಕಥನಗಳನ್ನು ಓದುವುದು, ಓದಿಸುವುದು ನನ್ನ ಕಸುಬಿನ ಒಂದು ಭಾಗ. ಹಿಮಾಲಯ ಏರಿದವರು, ಹಡಗಿನಲ್ಲಿ ಸಮುದ್ರ ದಾಟಿದವರು, ಗಾಡಿ ಕಟ್ಟಿಕೊಂಡು ಹಂಪೆಗೆ ಹೋದವರು ಎಲ್ಲರೂ ಕಂಡದ್ದನ್ನು ಬರೆದಿದ್ದಾರೆ, ಉಂಡದ್ದನ್ನೂ ಬರೆದಿದ್ದಾರೆ. ಆದರೆ ನಾನು ಓದಿದ ಮಟ್ಟಿಗೆ, ಬಚ್ಚಲನ್ನು ಹುಡುಕಿಕೊಂಡು ಅಲೆದ ಕಥೆ ಬರೆದವರು ಬಹಳ ಕಡಿಮೆ. ನಮ್ಮ ಭಾಷೆಯೇ ಈ ವಿಷಯದಲ್ಲಿ ಮರ್ಯಾದಸ್ಥ. 'ಜಲಬಾಧೆ' ಎನ್ನುತ್ತೇವೆ, 'ಬಹಿರ್ದೆಸೆ' ಎನ್ನುತ್ತೇವೆ. ಮಕ್ಕಳಾದರೆ ಒಂದು ಬೆರಳನ್ನೋ ಎರಡು ಬೆರಳನ್ನೋ ಎತ್ತಿ ತೋರಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆ ಮುಗಿದ ಮಾತನ್ನು ನಾನಿಲ್ಲಿ ಸ್ವಲ್ಪ ಮುಂದುವರಿಸುವವನಿದ್ದೇನೆ. ಭಾನುವಾರದ ಕಾಫಿಯ ಹೊತ್ತಿಗೆ ಇದೆಂಥ ವಿಷಯ ಎಂದು ವಾಚಕರು ಮುಖ ತಿರುಗಿಸಬಾರದೆಂದು ಪ್ರಾರ್ಥನೆ.

ಹನ್ನೊಂದು ವರ್ಷಗಳ ಕೆಳಗೆ, ಮಳೆಗಾಲದ ಒಂದು ಸಂಜೆ, ಲಾರಿಯೊಂದು ನನ್ನ ಸ್ಕೂಟರಿಗೆ ತಗುಲಿ ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳಿನಿಂದ ಮೇಲಿರುವುದೆಲ್ಲ ಈಗಲೂ ನನ್ನದು: ಕೈ, ಕೊರಳು, ಪಾಠ ಹೇಳುವ ನಾಲಿಗೆ. ಕೆಳಗಿನದೂ ನನ್ನದೇ, ಆದರೆ ಅದು ನನ್ನ ಮಾತು ಕೇಳುವುದಿಲ್ಲ, ನನ್ನೊಡನೆ ಮಾತಾಡುವುದೂ ಇಲ್ಲ. ಕಾಲು ನಡೆಯದಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂತ್ರಕೋಶ ತುಂಬಿದ ಸುದ್ದಿ ತಲೆಗೆ ತಲುಪದಿರುವುದು ಯಾರ ಕಣ್ಣಿಗೂ ಬೀಳದು. ನನಗೆ ಜಲವುಂಟು, ಬಾಧೆಯಿಲ್ಲ. ಬಾಧೆ ಮಾಡಬೇಕಾದ ಕೆಲಸವನ್ನು ಕೈಗಡಿಯಾರ ಮಾಡುತ್ತದೆ. ನಾಲ್ಕು ಗಂಟೆಗೊಮ್ಮೆ ಅದು ಕೂಗಿದಾಗ ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಕೆಯಿಂದ ನಾನೇ ಕೋಶವನ್ನು ಬರಿದುಮಾಡಿಕೊಳ್ಳಬೇಕು. 12 ನಂಬರಿನ ನಳಿಕೆ ಎಂದರೆ 4 ಮಿಲಿಮೀಟರು ದಪ್ಪ. ನಂಬರನ್ನು ಮೂರರಿಂದ ಭಾಗಿಸಬೇಕು. ಇದು 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ವೈದ್ಯರ ಉಪಕರಣಗಳನ್ನು ತಯಾರಿಸುತ್ತಿದ್ದ ಷಾರ್ಯೇರ್ ಎಂಬಾತ ಬಿಟ್ಟುಹೋದ ಲೆಕ್ಕ.

ಒಂದು ಕಾಲಕ್ಕೆ ಈ ಕೆಲಸ ಆಸ್ಪತ್ರೆಯ ಮಡಿಯಲ್ಲೇ ನಡೆಯಬೇಕೆಂಬ ಕಟ್ಟಳೆಯಿತ್ತು. 1972ರಲ್ಲಿ ಅಮೆರಿಕದ ಮಿಷಿಗನ್ನಿನ ಡಾಕ್ಟರು ಜಾಕ್ ಲ್ಯಾಪಿಡೆಸ್ ಮತ್ತು ಸಂಗಡಿಗರು ಅದನ್ನು ಸಡಿಲಿಸಿದರು. ಕೈಯನ್ನು ಸೋಪಿನಿಂದ ತೊಳೆದು, ಶುಚಿಯಾದ ನಳಿಕೆಯನ್ನು ರೋಗಿಯೇ ಹೊತ್ತುಹೊತ್ತಿಗೆ ಬಳಸಿದರೆ ಸಾಕು. ಕೋಶ ತುಂಬಿ ಬಿಗಿಯಲು ಬಿಡದಿರುವುದೇ ಮುಖ್ಯ ಎಂದರು. ಮಡಿ ಬೇರೆ, ಶುಚಿ ಬೇರೆ ಎಂದು ನಮ್ಮಲ್ಲಿ ಎಷ್ಟೋ ಜನ ಹೇಳಿದ್ದಾರೆ. ಆ ಮಾತಿನಿಂದ ನನ್ನಂಥವರಿಗೆ ರೈಲು ಹತ್ತುವುದು ಸಾಧ್ಯವಾದದ್ದು ಮಾತ್ರ ಲ್ಯಾಪಿಡೆಸರ ದೆಸೆಯಿಂದ.

ಪ್ರಯಾಣಕ್ಕೆ ಮುಂಚೆ ಕೆಲವರು ಪಂಚಾಂಗ ನೋಡುತ್ತಾರೆ. ನನ್ನದೂ ಒಂದು ಪಂಚಾಂಗ ಉಂಟು. ಬಹಿರ್ದೆಸೆಗೆ ನನಗೆ ದಿನ ಬಿಟ್ಟು ದಿನ, ಬೆಳಗಿನ ಬಿಸಿ ಕಾಫಿ ತಿಂಡಿಯಾದ ಮೇಲೆ ಒಂದು ಗಂಟೆ ಹೊತ್ತು ಬೇಕು. ಹೊಟ್ಟೆಗೆ ಏನಾದರೂ ಬಿದ್ದರೆ ಕರುಳು ಎಚ್ಚರವಾಗುತ್ತದೆ, ಗುಳಿಗೆಯೊಂದನ್ನು ಒಳಗಿಟ್ಟು ಅದನ್ನು ಇನ್ನಷ್ಟು ಎಚ್ಚರಿಸಬೇಕು. ಆ ಬೆಳಗು ರೈಲಿನಲ್ಲಿ ಕಳೆಯುವಂತಿಲ್ಲ. ಅದೇ ನನ್ನ ರಾಹುಕಾಲ. ಹಾದಿಯಲ್ಲಿ ತೊಂದರೆ ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟುಬಿಡುವವರಿದ್ದಾರೆ. ಅದರಿಂದ ಮೂತ್ರದ ಸೋಂಕು, ಕಲ್ಲು. ಕೂತಲ್ಲೇ ಕೂತರೆ ಹಾಸಿಗೆಹುಣ್ಣು. ನೋವು ತಿಳಿಯದ ಮೈಗೆ ಹುಣ್ಣು ಬಿದ್ದದ್ದೂ ತಿಳಿಯದು. ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಕುರ್ಚಿಯ ತೋಳಿನ ಮೇಲೆ ಕೈಯೂರಿ ಮೈಯನ್ನು ಎತ್ತಬೇಕು. ವಿಚಾರಗೋಷ್ಠಿಯಲ್ಲಿ ನಾನು ಹೀಗೆ ಏಳುವುದನ್ನು ಕಂಡು, ಪ್ರಶ್ನೆ ಕೇಳಲು ಎದ್ದೆನೆಂದು ಭಾಷಣಕಾರರು ಮಾತು ನಿಲ್ಲಿಸಿದ್ದುಂಟು.

ಇಷ್ಟೂ ವ್ಯವಹಾರದಲ್ಲಿ ಹನ್ನೊಂದು ವರ್ಷ ನನ್ನ ಜೊತೆಗಾತಿಯಾಗಿದ್ದವಳು ನನ್ನ ಮನೆಯಾಕೆ. ಅವಳು ಹೈಸ್ಕೂಲಿನಲ್ಲಿ ಗಣಿತದ ಉಪಾಧ್ಯಾಯಿನಿ. ನಾನು ಮೌಲ್ಯಮಾಪನಕ್ಕೆ ಹೊರಟರೆ ಅವಳ ರಜೆ, ಗೋಷ್ಠಿಗೆ ಹೊರಟರೆ ಅವಳ ರಜೆ. ರಾತ್ರಿ ಎರಡು ಗಂಟೆಗೆ ಗಡಿಯಾರ ಕೂಗಿದರೆ ಏಳುವವರು ಇಬ್ಬರು: ನಳಿಕೆ ಹಿಡಿಯಲು ನಾನು, ಬಾಟಲಿ ಚೆಲ್ಲಲು ಅವಳು. ಧಾರವಾಡದಿಂದ ಎರಡು ದಿನದ ಗೋಷ್ಠಿಗೆ ಕರೆ ಬಂದಾಗ ಅವಳು ಸೊಪ್ಪು ಸೋಸುತ್ತಿದ್ದಳು.

"ಅದೇ ವಾರ ಸಾಗರದಲ್ಲಿ ಅಕ್ಕನ ಮಗಳ ಸೀಮಂತ ರೀ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಉಳಿದಿರೋದು ಮೂರೇ ರಜೆ," ಎಂದಳು. ಗಣಿತದವರ ಮಾತಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದವನು. ದಿನಗೂಲಿ ಗೊತ್ತುಮಾಡಿ ಅವನನ್ನು ಕರೆಸಿದೆ. "ಏನೇನು ಮಾಡ್ಬೇಕು ಅಂತ ಮೊದ್ಲೇ ಹೇಳ್ಬಿಡಿ ಸಾರ್, ಆಮೇಲೆ ಗಾಬರಿ ಆಗಲ್ಲ," ಎಂದ. ನ್ಯಾಯವಾದ ಮಾತು. ಆದರೆ ಎಂ.ಎ. ಮಾಡಿ ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಸಂಜೆ ಶಬ್ದಗಳೇ ಸಿಕ್ಕಲಿಲ್ಲ. ಮನೆಯಾಕೆಯ ಕೈಗಳಿಗೆ ಮಾತು ಬೇಕಾಗಿರಲಿಲ್ಲ. ಮೊಣಕಾಲನ್ನು ಎಲ್ಲಿ ಹಿಡಿಯಬೇಕು, ಯಾವ ಬಟ್ಟೆ ಯಾವಾಗ ಬೇಕು, ಯಾವಾಗ ಬೆನ್ನು ತಿರುಗಿಸಿ ನಿಲ್ಲಬೇಕು ಎಂಬುದು ಅವಕ್ಕೆ ಗೊತ್ತಿತ್ತು. ಕೊನೆಗೆ ಎರಡು ಹಾಳೆಯ ಮೇಲೆ ಬರೆದೆ. ಸಂಸ್ಕೃತ ಶಬ್ದಗಳನ್ನು ಹೊಡೆದುಹಾಕಿ ಮತ್ತೆ ಬರೆದೆ. ಹುಡುಗ ಎರಡು ಸಲ ಓದಿ, "ಇಷ್ಟೇನಾ?" ಎಂದ. ಬರೆದು ಮುಗಿಸಿದಾಗ ನನಗೆ ತಿಳಿದದ್ದು ಇದು: ಹೆಂಡತಿಗೆ ಇಷ್ಟು ಕೆಲಸ ಎಂದು ಆವರೆಗೆ ಯಾರೂ ಎಣಿಸಿರಲಿಲ್ಲ. ಅವು ಇಪ್ಪತ್ತಮೂರು ಬಾಬುಗಳಾಗಿದ್ದವು.

ಧಾರವಾಡದ ಪ್ರಾಧ್ಯಾಪಕರಿಗೆ ಫೋನು ಮಾಡಿದೆ. "ಚಿಂತೀ ಮಾಡಬ್ಯಾಡ್ರಿ ಸರ್, ಎಲ್ಲಾ ವ್ಯವಸ್ಥಾ ಛಲೋ ಅದ," ಎಂದರು. ವ್ಯವಸ್ಥೆ ಎಂಬುದು ದೊಡ್ಡ ಮಾತು. ನನಗೆ ಬೇಕಾದದ್ದು ಅಂಗುಲದ ಲೆಕ್ಕ. ನನ್ನ ಗಾಲಿಕುರ್ಚಿಯ ಅಗಲ 25 ಅಂಗುಲ. ಎಷ್ಟೋ ಅತಿಥಿಗೃಹಗಳ ಬಚ್ಚಲ ಬಾಗಿಲು 24. ಆ ಒಂದು ಅಂಗುಲದ ಮುಂದೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಹೊರಗೇ ನಿಲ್ಲಬೇಕಾಗುತ್ತದೆ. ಪುಣ್ಯಾತ್ಮರು ತಾವೇ ಟೇಪು ಹಿಡಿದುಕೊಂಡು ಹೋಗಿ ಅಳೆದು ಬಂದರು. "ಇಪ್ಪತ್ತೇಳು ಅದರೀ. ಒಂದು ಮೆಟ್ಲ ಅದ, ಅದಕ್ಕ ಹಲಗಿ ಹಾಕಸ್ತೀನಿ." ಅಷ್ಟು ಸೊಗಸಾದ ಸ್ವಾಗತ ಭಾಷಣವನ್ನು ನಾನು ಕೇಳಿಲ್ಲ.

ಬುಧವಾರ ಬೆಳಗ್ಗೆ ರಾಹುಕಾಲವನ್ನು ಮನೆಯಲ್ಲೇ ಕಳೆದು, ರಾತ್ರಿ ಮೈಸೂರಿನಲ್ಲಿ ರೈಲು ಹತ್ತಿದೆವು. ಚೀಲದಲ್ಲಿ ನಳಿಕೆಗಳು 15 ಬೇಕಾದಲ್ಲಿ 20, ಜೆಲ್ಲಿ, ಸೋಪು, ಮುಚ್ಚಳವಿರುವ ಬಾಟಲಿ, ಮೇಣಗಪಟ, ಹಳೆಯ ಪಂಚೆ. ಹವಾನಿಯಂತ್ರಿತ ಮೂರು ಹಂತದ ಬೋಗಿಯಲ್ಲಿ ನನಗೆ ನೂರಕ್ಕೆ 75 ರಿಯಾಯಿತಿ, ಜೊತೆಯವನಿಗೂ ಅಷ್ಟೇ. ಜೊತೆಯೊಬ್ಬ ಬೇಕೆಂಬುದನ್ನು ರೈಲ್ವೆಯವರು ಒಪ್ಪಿದ್ದಾರೆ. ಆದರೆ ಬೋಗಿಯ ಓಣಿಯಲ್ಲಿ ನನ್ನ ಕುರ್ಚಿ ಹಿಡಿಸುವುದಿಲ್ಲ. ಹುಡುಗ ನನ್ನನ್ನು ಉಪ್ಪುಮೂಟೆ ಹೊತ್ತುಕೊಂಡ. ನಲವತ್ತಾರು ವರ್ಷದ ಉಪ್ಪುಮೂಟೆ.

ರಾತ್ರಿ ಎರಡಕ್ಕೆ ಗಡಿಯಾರ ಕೂಗಿತು. ಹುಡುಗ ನಡುವಿನ ಬರ್ತಿನಿಂದ ಹೊದಿಕೆಯೊಂದನ್ನು ಇಳಿಬಿಟ್ಟು ಮರೆಮಾಡಿ, ಬೆನ್ನು ತಿರುಗಿಸಿ ನಿಂತ. ಎದುರಿನ ಬರ್ತಿನ ಅಜ್ಜಿಗೆ ನಿದ್ದೆಯಿಲ್ಲ. "ಯಾಕಪ್ಪ, ಒಳಗೆ ಬಾಣಂತಿ ಇದಾಳಾ?" ಎಂದು ಕೇಳಿದಳು.

"ಇಲ್ಲ ಅಜ್ಜಿ, ನಮ್ಮ ಮೇಷ್ಟ್ರು. ಒಂದಕ್ಕೆ."

ಅಜ್ಜಿ "ಓಹೋ" ಎಂದು ಗೋಡೆಯ ಕಡೆ ಹೊರಳಿಕೊಂಡಳು. ನಾನು ಎರಡು ಹಾಳೆ ಬರೆದು ಹೇಳಿದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ; ಆಕಾಶವೇನೂ ಕಳಚಿ ಬೀಳಲಿಲ್ಲ.

ಆ ರಾತ್ರಿ ನನಗೆ ಮೇರಿ ವರ್ಗೀಸರ ನೆನಪಾಯಿತು. ವೆಲ್ಲೂರಿನ ವೈದ್ಯೆ, 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಮೇಲೆ ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕಡಲಾಚೆ ಹೋಗಿ ಕಲಿತು ಬಂದರು. ಅವರ ಪ್ರಯತ್ನದಿಂದ 1966ರಲ್ಲಿ ವೆಲ್ಲೂರಿನಲ್ಲಿ ನನ್ನಂಥವರಿಗಾಗಿ ಪುನರ್ವಸತಿ ಕೇಂದ್ರ ತೆರೆಯಿತು. ನಾನು ನಳಿಕೆ ಹಿಡಿಯಲು ಕಲಿತದ್ದು ಅಲ್ಲೇ. ಇನ್ನೊಬ್ಬರ ಕೈಗಳನ್ನು ರಿಪೇರಿ ಮಾಡಿದ ಆಕೆ ತಾವೂ ಇನ್ನೊಬ್ಬರ ಕೈಯನ್ನು ಆಶ್ರಯಿಸಬೇಕಾಗಿತ್ತು. ಅದರಿಂದ ಅವರ ಮಾನಕ್ಕೆ ಏನೂ ಕುಂದಾಗಲಿಲ್ಲ. ಮಾನ ಹೋಗುವುದು ಸಹಾಯ ಪಡೆದದ್ದರಿಂದಲ್ಲ. ಕೇಳುವ ಮೊದಲೇ ಯಾರೋ ಬಂದು ಮೂಟೆಯಂತೆ ಎತ್ತಿದಾಗ. ಹೇಗೆ ಎತ್ತಬೇಕೆಂದು ನಾನೇ ಹೇಳಿದ ಮೇಲೆ ಎತ್ತಿಸಿಕೊಂಡವನೂ ನಾನೇ, ಎತ್ತಿದವನೂ ಅರ್ಧ ನಾನೇ.

ಗೋಷ್ಠಿ ಗೋಷ್ಠಿಯಂತೆಯೇ ನಡೆಯಿತು, ಹಲಗೆ ಗಟ್ಟಿಯಾಗಿತ್ತು. ಶನಿವಾರ ಬೆಳಗ್ಗೆ ನಾನು ಮನೆ ಸೇರಿದೆ, ಸಂಜೆ ಅವಳು. ಸೀಮಂತದ ಸಂಗತಿಗಳನ್ನೆಲ್ಲ ಹೇಳಿದಳು. "ನಿದ್ದೆ ಬಂತೇನು?" ಎಂದು ಕೇಳಿದೆ.

"ಮೊದಲ ಎರಡು ರಾತ್ರಿ ಎರಡು ಗಂಟೆಗೆ ಸರಿಯಾಗಿ ಎಚ್ಚರ ಆಗೋಯ್ತು ರೀ. ಸುಮ್ನೆ ಎದ್ದು ಕೂತಿದ್ದೆ. ಮೂರನೇ ರಾತ್ರಿ ಮಾತ್ರ ಅಕ್ಕ ಬಂದು ಎಬ್ಬಿಸೋವರೆಗೂ ಮಲಗಿದ್ದೆ."

ಈಗ ಕಲಬುರಗಿಯಿಂದ ಪತ್ರ ಬಂದಿದೆ. ದಿನ ಎಣಿಸಿ ನೋಡಿದ್ದೇನೆ, ಹುಡುಗನಿಗೂ ಹೇಳಿದ್ದೇನೆ. ಬಾಗಿಲಿನ ಅಳತೆಯೊಂದು ಬರಬೇಕು.